ಓದುಗರ ಪ್ರಶ್ನೆ, ತಜ್ಞರ ಉತ್ತರ: ಅಮಿಲಾಯ್ಡ್ ಫೈಬ್ರಿಲ್ ಒಡೆಯುವ ಪುಟ್ಟ ಪೆಪ್ಟೈಡ್‌ಗಳ ಹುಡುಕಾಟ

ಆಲ್ಝೈಮರ್ ಮತ್ತು ಪೆಪ್ಟೈಡ್‌ಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರವು. ಒಂದೆರಡು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವವರವು. ಒಂದೇ ಧಾಟಿಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಬೀಟಾ-ಅಮಿಲಾಯ್ಡ್ ಎಂಬ ಪೆಪ್ಟೈಡ್ ಒಂದರ ಮೇಲೊಂದು ಪೇರಿಕೊಂಡು ಆಗುವ ಎಳೆಗಳೇ ಅಮಿಲಾಯ್ಡ್ ಫೈಬ್ರಿಲ್.

ಪ್ರಶ್ನೆ: ಅಮಿಲಾಯ್ಡ್ ಫೈಬ್ರಿಲ್ ಬಹಳ ಗಟ್ಟಿ, ಡಿಟರ್ಜೆಂಟಿಗೂ ಸುಲಭವಾಗಿ ಜಗ್ಗುವುದಿಲ್ಲ ಎಂದು ಓದಿದ್ದೇನೆ. ಅಂಥದ್ದನ್ನು ಐದಾರು ಅಮೈನೊ ಆಮ್ಲಗಳ ತುಣುಕೊಂದು ಒಡೆಯುವುದು ಹೇಗೆ?

ಉತ್ತರ: ಒಡೆಯುವುದೆಂದರೆ ಇಲ್ಲಿ ಕತ್ತರಿಸುವುದಲ್ಲ. ಪ್ರೋಟೀನ್ ಸರಪಳಿಯನ್ನೇ ತುಂಡರಿಸುವುದು ನೆಪ್ರಿಲೈಸಿನ್‌ನಂಥ ಕಿಣ್ವಗಳ ಕೆಲಸ. ಪುಟ್ಟ ಪೆಪ್ಟೈಡ್ ಮಾಡುವುದು ಅಣುಗಳನ್ನು ಒಂದಕ್ಕೊಂದು ಅಂಟಿಸಿಟ್ಟ ಹೈಡ್ರೋಜನ್ ಬಂಧ ಮತ್ತು ಜಲವಿರೋಧಿ ಹಿಡಿತವನ್ನು ಸಡಿಲಿಸುವುದನ್ನು ಮಾತ್ರ.

ಬೀಟಾ-ಅಮಿಲಾಯ್ಡ್ 42 ಎಂದರೆ 42 ಅಮೈನೊ ಆಮ್ಲಗಳ ಸರಪಳಿ, ತೂಕ ಸುಮಾರು 4514 ಡಾಲ್ಟನ್. ಫೈಬ್ರಿಲ್‌ನಲ್ಲಿ ಈ ಸರಪಳಿಗಳು 4.7 ಆಂಗ್‌ಸ್ಟ್ರಾಮ್ (ನ್ಯಾನೊಮೀಟರಿನ ಹತ್ತನೇ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್) ಅಂತರದಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು ಹಾಳೆಯಾಗುತ್ತವೆ. ಆ ಹಾಳೆಗಳು ಸುಮಾರು 10 ಆಂಗ್‌ಸ್ಟ್ರಾಮ್ ದೂರದಲ್ಲಿ ಬೆನ್ನಿಗೆ ಬೆನ್ನು ಒತ್ತಿ ಕೂರುತ್ತವೆ. ಫೈಬ್ರಿಲ್ ಕಲ್ಲಿನಂತೆ ನಿಶ್ಚಲವೇನೂ ಅಲ್ಲ. ಅದರ ತುದಿಗಳಲ್ಲಿ ಬಿಡಿ ಅಣುಗಳು ಸದಾ ಬಂದು ಕೂರುತ್ತವೆ, ಕಳಚಿ ಹೋಗುತ್ತವೆ. ಪೆಪ್ಟೈಡ್ ತುದಿಗೆ ಅಂಟಿ ಹೊಸ ಅಣು ಕೂರದಂತೆ ತಡೆದರೆ, ಅಥವಾ ಕಳಚಿದ ಅಣುವನ್ನು ಹಿಡಿದಿಟ್ಟುಕೊಂಡರೆ ಸಮತೋಲನ ಕರಗುವ ಕಡೆಗೆ ವಾಲುತ್ತದೆ. ಕೆಲವು ಪೆಪ್ಟೈಡ್‌ಗಳು ಪಕ್ಕದ ಮೈಗೆ ಕೂತು ನಡುವೆ ಮುರಿಯುವುದೂ ಉಂಟು. ಈ ಎರಡು ದಾರಿಗಳ ಫಲಿತಾಂಶ ಒಂದೇ ಅಲ್ಲ ಎಂಬುದನ್ನು ಮುಂದೆ ನೋಡೋಣ.

ಈ ಹುಡುಕಾಟದ ಮೂಲ ತುಣುಕು ಕೆಎಲ್‌ವಿಎಫ್‌ಎಫ್, ಅಂದರೆ ಬೀಟಾ-ಅಮಿಲಾಯ್ಡ್‌ನದೇ 16ರಿಂದ 20ನೇ ಸ್ಥಾನದ ಲೈಸಿನ್, ಲ್ಯೂಸಿನ್, ವ್ಯಾಲಿನ್ ಮತ್ತು ಎರಡು ಫಿನೈಲ್‌ಅಲನಿನ್. ಅದು ಪೂರ್ತಿ ಅಣುವಿಗೆ ಅಂಟಿ ಫೈಬ್ರಿಲ್ ಆಗುವುದನ್ನು ತಡೆಯುತ್ತದೆಂದು 1996ರಲ್ಲಿ ವರದಿಯಾಯಿತು. ಆಮೇಲೆ ಕ್ಲಾಡಿಯೊ ಸೊಟೊ ಅವರ ತಂಡ ಅದೇ ಭಾಗವನ್ನು ಮಾದರಿಯಾಗಿಟ್ಟುಕೊಂಡು ಪ್ರೋಲಿನ್ ಸೇರಿಸಿದ ಎಲ್‌ಪಿಎಫ್‌ಎಫ್‌ಡಿ ರೂಪಿಸಿತು. ಪ್ರೋಲಿನ್‌ನ ಬೆನ್ನೆಲುಬಿನಲ್ಲಿ ಹೈಡ್ರೋಜನ್ ಬಂಧಕ್ಕೆ ಕೊಡಲು ಹೈಡ್ರೋಜನ್ನೇ ಇಲ್ಲ. ಸಾಲಾಗಿ ಕೈ ಹಿಡಿದು ನಿಂತವರ ನಡುವೆ ಒಬ್ಬ ಕೈಕಟ್ಟಿ ನಿಂತಂತೆ, ಬೀಟಾ ಹಾಳೆ ಅಲ್ಲಿಗೆ ತುಂಡಾಗುತ್ತದೆ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಸ್ಕ್ರೀನಿಂಗ್ (ಹಲವು ಪೆಪ್ಟೈಡ್‌ಗಳನ್ನು ಪರೀಕ್ಷಿಸಿ ಕೆಲಸ ಮಾಡುವವನ್ನು ಆರಿಸುವುದು) ಶುರು ಮಾಡುತ್ತಿದ್ದೇವೆ. ಎಷ್ಟು ಉದ್ದದ ಪೆಪ್ಟೈಡ್, ಎಷ್ಟು ಸಂಖ್ಯೆಯಲ್ಲಿ ತೆಗೆದುಕೊಳ್ಳಬೇಕು? ಡಾಕಿಂಗ್ (ಅಣು ಎಲ್ಲಿ, ಎಷ್ಟು ಬಿಗಿಯಾಗಿ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು) ಮಾಡಿ ಆರಿಸಿಕೊಂಡರೆ ಸಾಕೇ?

ಉತ್ತರ: ಮೊದಲು ಲೆಕ್ಕ. 20 ಅಮೈನೊ ಆಮ್ಲಗಳಿಂದ ಎರಡರ ಜೋಡಿಗಳು 400, ಮೂರರವು 8,000, ನಾಲ್ಕರವು 1,60,000, ಐದರವು 32 ಲಕ್ಷ, ಆರರವು 6.4 ಕೋಟಿ. ವೆಲ್ ಎಂಬ ಸಣ್ಣ ಗುಳಿಗಳಿರುವ ಪ್ಲೇಟ್‌ನಲ್ಲಿ ಒಂದೊಂದಾಗಿ ಪರೀಕ್ಷಿಸುವುದು ಮೂರರವರೆಗೆ ಹೇಗೋ ನಡೆದೀತು. ನಾಲ್ಕು ದಾಟಿದರೆ ಆಯ್ಕೆ ಅನಿವಾರ್ಯ.

ನಮ್ಮ ಸಲಹೆ: 40ರಿಂದ 60 ಪೆಪ್ಟೈಡ್‌ಗಳ ಚಿಕ್ಕ ಗುಂಪಿನಿಂದ ಶುರು ಮಾಡಿ. ಅದರಲ್ಲಿ ಕೆಎಲ್‌ವಿಎಫ್‌ಎಫ್‌ನ ಮಾರ್ಪಾಡುಗಳಿರಲಿ, ಧನಾವೇಶದವು ಕೆಲವಿರಲಿ. ಪ್ರತಿ ಆಸಕ್ತಿಕರ ಅನುಕ್ರಮಕ್ಕೂ ಅದೇ ಅಮೈನೊ ಆಮ್ಲಗಳನ್ನು ಕಲಸಿ ಬೇರೆ ಕ್ರಮದಲ್ಲಿ ಜೋಡಿಸಿದ ಒಂದು ಪೆಪ್ಟೈಡ್ ಕಡ್ಡಾಯವಾಗಿರಲಿ. ಕಲಸಿದ್ದೂ ಮೂಲದಷ್ಟೇ ಕೆಲಸ ಮಾಡಿದರೆ ಅನುಕ್ರಮಕ್ಕೆ ಅರ್ಥವಿಲ್ಲ, ಬರೀ ಆವೇಶವೋ ಜಲವಿರೋಧಿ ಗುಣವೋ ಕೆಲಸ ಮಾಡುತ್ತಿದೆ ಎಂದರ್ಥ. ಇದನ್ನು ಬಿಟ್ಟು ನಡೆದ ಸ್ಕ್ರೀನಿಂಗ್ ಎಷ್ಟೇ ದೊಡ್ಡದಿದ್ದರೂ ನಮಗೆ ಅದರ ಮೇಲೆ ನಂಬಿಕೆಯಿಲ್ಲ.

ಡಾಕಿಂಗ್ ಆಯ್ಕೆಯನ್ನು ಕಿರಿದು ಮಾಡಲು ಸರಿ, ತೀರ್ಪಿಗಲ್ಲ. ಅಂಕಗಳು ಅಣುವಿನ ಗಾತ್ರದೊಂದಿಗೆ ಏರುತ್ತವೆ. ಹೀಗಾಗಿ ಟ್ರಿಪ್ಟೋಫ್ಯಾನ್, ಫಿನೈಲ್‌ಅಲನಿನ್ ತುಂಬಿದ ಉದ್ದನೆಯ ಪೆಪ್ಟೈಡ್‌ಗಳು ಯಾವಾಗಲೂ ಮೇಲಿನ ಸಾಲಿನಲ್ಲೇ ಕಾಣಿಸಿಕೊಳ್ಳುತ್ತವೆ. ಇನ್ನೊಂದು ತೊಡಕು: ಡೇಟಾಬ್ಯಾಂಕಿನಿಂದ ಇಳಿಸಿಕೊಂಡ ಫೈಬ್ರಿಲ್ ರಚನೆಯಲ್ಲಿ ಸಾಮಾನ್ಯವಾಗಿ ಇರುವುದು ಬೆರಳೆಣಿಕೆಯ ಪದರಗಳು. ಅದರ ಕತ್ತರಿಸಿದ ತುದಿಯ ಹೈಡ್ರೋಜನ್ ಬಂಧಗಳೆಲ್ಲ ಖಾಲಿಯಾಗಿರುವುದರಿಂದ ಏನು ತಂದಿಟ್ಟರೂ ಅಲ್ಲಿ ಅಂಟುತ್ತದೆ. ನಿಜವಾದ ಫೈಬ್ರಿಲ್‌ನಲ್ಲಿ ಸಾವಿರಾರು ಪದರಗಳಿಗೆ ತುದಿಗಳು ಎರಡೇ. ಮಾದರಿಗೆ ಯಾವ ರಚನೆ ಎಂಬುದೂ ಮುಖ್ಯ. ರೋಗಿಗಳ ಮಿದುಳಿನಿಂದಲೇ ತೆಗೆದ ಬೀಟಾ-ಅಮಿಲಾಯ್ಡ್ 42 ಫೈಬ್ರಿಲ್‌ಗಳ ರಚನೆ 2022ರಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿಯಿತು. ಎರಡು ಬಗೆಗಳು ಕಂಡವು, ಎರಡೂ ಟ್ಯೂಬಿನಲ್ಲಿ ಬೆಳೆಸಿದವುಗಳಿಗಿಂತ ಭಿನ್ನ. ಡಾಕಿಂಗ್ ಮಾಡುವುದಾದರೆ ಆ ರಚನೆಗಳ ಮೇಲೆ ಮಾಡಿ.

ಫೇಜ್ ಡಿಸ್‌ಪ್ಲೇ (ಫೇಜ್ ಎಂಬ ವೈರಸ್‌ಗಳ ಮೈಮೇಲೆ ಪೆಪ್ಟೈಡ್‌ಗಳನ್ನು ಮೂಡಿಸಿ, ಗುರಿಗೆ ಅಂಟುವವನ್ನು ಆರಿಸುವುದು) ದಾರಿ ಹಿಡಿಯುವವರಿಗೆ ಒಂದೇ ಎಚ್ಚರಿಕೆ: ಟ್ರಿಪ್ಟೋಫ್ಯಾನ್ ಹೆಚ್ಚಿರುವ ಎಷ್ಟೋ ಪೆಪ್ಟೈಡ್‌ಗಳು ಫೈಬ್ರಿಲ್‌ಗಲ್ಲ, ಪ್ಲೇಟಿನ ಪಾಲಿಸ್ಟೈರೀನ್‌ಗೇ ಅಂಟಿಕೊಂಡು ಬರುತ್ತವೆ. ಫೈಬ್ರಿಲ್ ಇಲ್ಲದ ಖಾಲಿ ಪ್ಲೇಟಿನ ಮೇಲೆ ಮೊದಲು ಹಾಯಿಸಿ, ಅಂಟದವನ್ನು ಮುಂದಕ್ಕೆ ಒಯ್ಯಬೇಕು. ಕನ್ನಡಿ ಬಿಂಬದ ವಿಧಾನವೂ ಇದೆ. ಗುರಿಯನ್ನು ಸಹಜ ಅಮೈನೊ ಆಮ್ಲಗಳ ಕನ್ನಡಿ ಬಿಂಬಗಳಾದ ಡಿ-ಅಮೈನೊ ಆಮ್ಲಗಳಿಂದ ತಯಾರಿಸಿ, ಅದಕ್ಕೆ ಅಂಟುವ ಸಹಜ ಪೆಪ್ಟೈಡನ್ನು ಹುಡುಕಿ, ಕೊನೆಗೆ ಆ ಪೆಪ್ಟೈಡ್‌ನ ಡಿ-ರೂಪ ತಯಾರಿಸುವುದು. ಆಗ ಅದು ಸಹಜ ಬೀಟಾ-ಅಮಿಲಾಯ್ಡ್‌ಗೆ ಅಂಟುತ್ತದೆ, ಕಿಣ್ವಗಳ ಬಾಯಿಗೆ ಸುಲಭವಾಗಿ ಸಿಗುವುದೂ ಇಲ್ಲ. ಜರ್ಮನಿಯ ಡೀಟರ್ ವಿಲ್‌ಬೋಲ್ಡ್ ಅವರ ತಂಡ ಡಿ3 ಎಂಬ 12 ಅಮೈನೊ ಆಮ್ಲಗಳ ಪೆಪ್ಟೈಡನ್ನು ಪಡೆದದ್ದು ಹೀಗೆ.

ಪ್ರಶ್ನೆ: ಪ್ರತಿ ಸಲ ಫೈಬ್ರಿಲ್ ಬೇರೆ ಬೇರೆ ಥರ ಬರುತ್ತದೆ. ಒಂದು ವಾರ ಸಿಗ್ನಲ್ ಚೆನ್ನಾಗಿರುತ್ತದೆ, ಮುಂದಿನ ವಾರ ಅರ್ಧವೂ ಇರುವುದಿಲ್ಲ. ಅದೇ ಬಾಟಲಿ, ಅದೇ ಬಫರ್.

ಉತ್ತರ: ತಪ್ಪು ಇರುವುದು ಬಹುತೇಕ ಮೊದಲ ಹೆಜ್ಜೆಯಲ್ಲಿ. ಒಣಪುಡಿಯಲ್ಲೇ ಸಣ್ಣ ಗಂಟುಗಳು ಆಗಲೇ ಇರುತ್ತವೆ. ಅವು ಬೀಜದಂತೆ ವರ್ತಿಸಿ ಬೆಳವಣಿಗೆಯ ವೇಗವನ್ನೂ ಆಕಾರವನ್ನೂ ಬದಲಿಸುತ್ತವೆ. ಅವನ್ನು ಪೂರ್ತಿ ಬಿಡಿಸದೆ ಮುಂದೆ ಹೋಗಬಾರದು.

1 ಮಿಲಿಗ್ರಾಂ ಬೀಟಾ-ಅಮಿಲಾಯ್ಡ್ 42ಕ್ಕೆ 221 ಮೈಕ್ರೊಲೀಟರ್ ಹೆಕ್ಸಾಫ್ಲೂರೊಐಸೊಪ್ರೊಪನಾಲ್ ಹಾಕಿದರೆ 1 ಮಿಲಿಮೋಲಾರ್ ಆಗುತ್ತದೆ. ಬಾಟಲಿ ತಂಪಾಗಿದ್ದರೆ ಮುಚ್ಚಳ ತೆರೆಯುವ ಮುನ್ನ ಕೋಣೆಯ ಉಷ್ಣತೆಗೆ ಬರಲಿ, ಇಲ್ಲವಾದರೆ ಪುಡಿ ತೇವ ಎಳೆದುಕೊಳ್ಳುತ್ತದೆ. ಈ ದ್ರಾವಕ ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ, ಬೇಗ ಆವಿಯಾಗುತ್ತದೆ. ಫ್ಯೂಮ್ ಹುಡ್ ಒಳಗೇ ಕೆಲಸ ನಡೆಯಲಿ, ಗಾಜಿನ ಸಿರಿಂಜ್ ಬಳಸಿ. ಮುಚ್ಚಿ 30ರಿಂದ 60 ನಿಮಿಷ ಬಿಟ್ಟು, 10 ಮೈಕ್ರೊಲೀಟರ್‌ನಂತೆ ಪಾಲಿಪ್ರೊಪಿಲೀನ್ ಟ್ಯೂಬುಗಳಿಗೆ ಹಂಚಿ. ಒಂದೊಂದರಲ್ಲೂ 10 ನ್ಯಾನೊಮೋಲ್, ಅಂದರೆ 45 ಮೈಕ್ರೊಗ್ರಾಂ. ಸುಮಾರು 22 ಟ್ಯೂಬ್ ಸಿಗುತ್ತವೆ. ಹುಡ್‌ನಲ್ಲಿ ರಾತ್ರಿಯಿಡೀ ಆರಲು ಬಿಟ್ಟು, ಆಮೇಲೆ ಒಂದು ತಾಸು ನಿರ್ವಾತದಲ್ಲಿಡಿ. ತಳದಲ್ಲಿ ತೆಳುವಾದ ಪಾರದರ್ಶಕ ಪೊರೆ ಉಳಿಯಬೇಕು. ಬಿಳಿ ಪುಡಿಯಂತೆ ಕಂಡರೆ ಗಂಟು ಬಿಟ್ಟಿಲ್ಲವೆಂದು ತಿಳಿದು ಮತ್ತೊಮ್ಮೆ ಮಾಡಿ. ನಿರ್ವಾತದ ಹಂತವನ್ನು ಸಮಯ ಉಳಿಸಲು ಬಿಡುವವರಿದ್ದಾರೆ. ಉಳಿದ ಅಲ್ಪಸ್ವಲ್ಪ ದ್ರಾವಕವೇ ಮುಂದೆ ಗಂಟುಕಟ್ಟುವಿಕೆಯನ್ನು ಜೋರು ಮಾಡುತ್ತದೆ, ನೀವು ಹೇಳುವ ವಾರದಿಂದ ವಾರಕ್ಕಿನ ಏರಿಳಿತಕ್ಕೆ ಇದೊಂದು ದೊಡ್ಡ ಕಾರಣ. ಪೊರೆಗಳನ್ನು ಮೈನಸ್ 20 ಅಥವಾ ಮೈನಸ್ 80 ಡಿಗ್ರಿಯಲ್ಲಿ ತೇವಹೀರಕದ ಜೊತೆ ಇಡಿ.

ಬಳಸುವ ದಿನ ಒಂದು ಟ್ಯೂಬಿಗೆ ಹೊಸದಾಗಿ ತೆರೆದ, ನೀರಿನಂಶವಿಲ್ಲದ 2 ಮೈಕ್ರೊಲೀಟರ್ ಡಿಎಂಎಸ್‌ಒ ಎಂಬ ದ್ರಾವಕ ಹಾಕಿ, ಗೋಡೆಗಳನ್ನೂ ತೊಳೆಯುವಂತೆ ಪಿಪೆಟ್ ಮಾಡಿ, ಸ್ನಾನದ ಸೋನಿಕೇಟರ್‌ನಲ್ಲಿ 10 ನಿಮಿಷ ಇಡಿ. ಮೇಲೆ 98 ಮೈಕ್ರೊಲೀಟರ್ 10 ಮಿಲಿಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿದರೆ 100 ಮೈಕ್ರೊಮೋಲಾರ್. ಅಲುಗಾಡಿಸದೆ 37 ಡಿಗ್ರಿಯಲ್ಲಿ 24 ತಾಸು. ಪ್ರತಿ ಬ್ಯಾಚಿನಿಂದಲೂ ಒಂದು ಹನಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಸುಮಾರು 7ರಿಂದ 10 ನ್ಯಾನೊಮೀಟರ್ ಅಗಲದ, ಕವಲಿಲ್ಲದ ಎಳೆಗಳು ಕಾಣಬೇಕು.

ಆಮ್ಲದಲ್ಲಿ ಬೆಳೆದದ್ದನ್ನು ತಟಸ್ಥ ಬಫರ್‌ಗೆ ತರುವಾಗ ಇನ್ನೊಂದು ಗುಂಡಿ ಇದೆ. ಬೀಟಾ-ಅಮಿಲಾಯ್ಡ್‌ನ ಆವೇಶ ಪಿಎಚ್ 5.3ರ ಆಸುಪಾಸಿನಲ್ಲಿ ಸೊನ್ನೆಯಾಗುತ್ತದೆ. ನಿಧಾನವಾಗಿ ಆ ಹಂತ ದಾಟಿದರೆ ಎಳೆಗಳು ಹಿಂಡುಹಿಂಡಾಗಿ ಕೂಡಿಕೊಳ್ಳುತ್ತವೆ. ಫೈಬ್ರಿಲ್‌ಗೆ ಬಫರನ್ನು ಹನಿಹನಿಯಾಗಿ ಸೇರಿಸಬೇಡಿ. 50 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 7.4ರ ಬಫರ್‌ಗೆ ಫೈಬ್ರಿಲನ್ನು ಒಂದೇ ಸಲಕ್ಕೆ ಸೇರಿಸಿ ತಕ್ಷಣ ಬೆರೆಸಿ. ತುದಿ ಕತ್ತರಿಸಿದ ಅಗಲ ಬಾಯಿಯ ಟಿಪ್ ಬಳಸಿ, ಪ್ರತಿ ಸಲ ತೆಗೆಯುವ ಮುನ್ನ ಟ್ಯೂಬನ್ನು ಮೆಲ್ಲಗೆ ತಿರುವಿ. ಫೈಬ್ರಿಲ್ ತಳಕ್ಕಿಳಿದಿರುವಾಗ ಮೇಲಿನ ತಿಳಿಯನ್ನು ತೆಗೆದು ವೆಲ್‌ಗಳಿಗೆ ಹಂಚಿದ್ದೇ ಎಷ್ಟೋ ಹಾಳಾದ ಪ್ಲೇಟುಗಳ ಹಿಂದಿನ ಸರಳ ಸತ್ಯ.

ಮೊದಲ ಸುತ್ತಿಗೆ ಈ ಆಮ್ಲೀಯ ವಿಧಾನ ಸಾಕು. ಗೆದ್ದ ಪೆಪ್ಟೈಡ್‌ಗಳನ್ನು ತಟಸ್ಥ ಬಫರ್‌ನಲ್ಲೇ ಬೆಳೆಸಿದ ಫೈಬ್ರಿಲ್ ಮೇಲೂ ನೋಡಲೇಬೇಕು, ಆಕಾರ ಬೇರೆಯಿದ್ದರೆ ಉತ್ತರವೂ ಬೇರೆ ಬರಬಹುದು.

ಪ್ರಶ್ನೆ: ಒಂದು ಅರ್ಜಿನಿನ್ ಹೆಚ್ಚಿರುವ ಪೆಪ್ಟೈಡ್ ಹಾಕಿದ ಐದೇ ನಿಮಿಷದಲ್ಲಿ ಥಿಯೋಫ್ಲಾವಿನ್-ಟಿ ಫ್ಲೋರೆಸೆನ್ಸ್ ಶೇಕಡಾ 80ರಷ್ಟು ಇಳಿಯಿತು. ಇದನ್ನು ಹಿಟ್ (ಫೈಬ್ರಿಲ್ ಒಡೆಯುವ ಪೆಪ್ಟೈಡ್) ಎಂದು ಬರೆದುಕೊಳ್ಳಬಹುದೇ? ಪ್ಲೇಟ್ ಜೋಡಣೆ ಹೇಗಿರಬೇಕು ಎಂದೂ ತಿಳಿಸಿ.

ಉತ್ತರ: ಬರೆದುಕೊಳ್ಳಬೇಡಿ. ಸಾವಿರಾರು ಪದರಗಳ ರಚನೆ ಐದು ನಿಮಿಷದಲ್ಲಿ ಬಿಚ್ಚಿಕೊಳ್ಳುವುದು ತೀರಾ ಅಪರೂಪ, ಅದಕ್ಕೆ ಸಾಮಾನ್ಯವಾಗಿ ತಾಸುಗಳು ಬೇಕು. ಥಿಯೋಫ್ಲಾವಿನ್-ಟಿ ಧನಾವೇಶದ ಬಣ್ಣ. ಅದು ಫೈಬ್ರಿಲ್‌ನ ಮೈಮೇಲಿನ ತೋಡುಗಳಲ್ಲಿ ಕೂತಾಗ ಮಾತ್ರ ಹೊಳೆಯುತ್ತದೆ. ಅರ್ಜಿನಿನ್ ತುಂಬಿದ ಪೆಪ್ಟೈಡ್ ಬಂದು ಅದೇ ಜಾಗದಲ್ಲಿ ಕೂತರೆ, ಅಥವಾ ಋಣಾವೇಶದ ಫೈಬ್ರಿಲನ್ನು ಸುತ್ತುವರಿದರೆ, ಬಣ್ಣ ಹೊರಬೀಳುತ್ತದೆ. ಬೆಳಕು ಇಳಿಯುತ್ತದೆ, ಫೈಬ್ರಿಲ್ ಹಾಗೇ ಇರುತ್ತದೆ. ನಿಮ್ಮ ವಿವರ ಓದಿದರೆ ಆಗಿರುವುದು ಬಹುಶಃ ಇದೇ.

ಇದನ್ನು ಪ್ಲೇಟಿನಲ್ಲೇ ಹಿಡಿಯಬಹುದು. ಬಣ್ಣವನ್ನು ಆರಂಭದಲ್ಲಿ ಹಾಕದೆ ಕೊನೆಯಲ್ಲಿ ಹಾಕಿ. ಪ್ರತಿ ಪೆಪ್ಟೈಡ್‌ಗೂ ಒಂದು ‘ಕೊನೇ ಗಳಿಗೆ’ ವೆಲ್ ಇರಲಿ. ಅದರಲ್ಲಿ 24 ತಾಸೂ ಫೈಬ್ರಿಲ್ ಮಾತ್ರ ಇರುತ್ತದೆ. ಓದುವ ಸ್ವಲ್ಪ ಮುನ್ನ ಪೆಪ್ಟೈಡ್ ಸೇರಿಸಿ, ಬಣ್ಣ ಹಾಕಿ, ಓದಿ. ಇಲ್ಲೂ 24 ತಾಸು ಇಟ್ಟದ್ದರಷ್ಟೇ ಇಳಿಕೆ ಕಂಡರೆ ಅದು ಬಣ್ಣದ ಜಗಳ. ಕೊನೇ ಗಳಿಗೆಯ ವೆಲ್ ಪೂರ್ತಿ ಹೊಳೆದು, 24 ತಾಸಿನದ್ದು ಮಂಕಾಗಿದ್ದರೆ ಮುಂದೆ ನೋಡುವಂಥದ್ದು ಸಿಕ್ಕಿದೆ.

ಜೋಡಣೆ ಹೀಗಿರಲಿ. ಪ್ರೋಟೀನ್ ಅಂಟದಂಥ ಲೇಪನವಿರುವ ಕಪ್ಪು 96 ವೆಲ್ ಪ್ಲೇಟ್. ಅಂಚಿನ 36 ವೆಲ್‌ಗಳಿಗೆ ಬರೀ ಬಫರ್ ಹಾಕಿ, ಯಾಕೆಂದರೆ 37 ಡಿಗ್ರಿಯಲ್ಲಿ ಒಂದು ದಿನ ಇಟ್ಟಾಗ ಮೊದಲು ಆವಿಯಾಗುವುದು ಅಂಚಿನವು. ಮೇಲೆ ಅಂಟುವ ಹಾಳೆ ಮುಚ್ಚಿ. ಉಳಿದ 60ರಲ್ಲಿ ಆರು ಫೈಬ್ರಿಲ್ ಮತ್ತು ಡಿಎಂಎಸ್‌ಒ ಮಾತ್ರ ಇರುವವು, ಮೂರು ಬಫರ್ ಮಾತ್ರ, ಮೂರು ಗ್ರೀನ್ ಟೀಯ ಇಜಿಸಿಜಿಯಂಥ ತಿಳಿದ ಕರಗಿಸುವ ವಸ್ತು. 48 ಮಿಕ್ಕವು. ಪ್ರತಿ ಪೆಪ್ಟೈಡ್‌ಗೆ ಆರು ವೆಲ್: ಫೈಬ್ರಿಲ್ ಜೊತೆ ಮೂರು, ಪೆಪ್ಟೈಡ್ ಮಾತ್ರ ಎರಡು, ಕೊನೇ ಗಳಿಗೆಯದು ಒಂದು. ಹೀಗೆ ಒಂದು ಪ್ಲೇಟಿಗೆ ಎಂಟೇ ಪೆಪ್ಟೈಡ್. ಕಡಿಮೆ ಅನ್ನಿಸಬಹುದು, ಆದರೆ ಕಂಟ್ರೋಲ್ ಕಡಿತ ಮಾಡಿ 20 ಪೆಪ್ಟೈಡ್ ತುಂಬಿದ ಪ್ಲೇಟಿನಿಂದ ಹೊರಬರುವ ಹಿಟ್‌ಗಳ ಹಿಂದೆ ಓಡುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಪ್ರತಿ ವೆಲ್ 100 ಮೈಕ್ರೊಲೀಟರ್: ಫೈಬ್ರಿಲ್ 10 ಮೈಕ್ರೊಲೀಟರ್, ಅಂದರೆ ಬಿಡಿ ಅಣುವಿನ ಲೆಕ್ಕದಲ್ಲಿ 10 ಮೈಕ್ರೊಮೋಲಾರ್. ಪೆಪ್ಟೈಡ್ 10 ಮಿಲಿಮೋಲಾರ್ ಸ್ಟಾಕ್‌ನಿಂದ 1 ಮೈಕ್ರೊಲೀಟರ್, ಅಂದರೆ 100 ಮೈಕ್ರೊಮೋಲಾರ್, ಹತ್ತು ಪಟ್ಟು. ಉಳಿದದ್ದು ಬಫರ್. ಡಿಎಂಎಸ್‌ಒ ಎಲ್ಲ ವೆಲ್‌ಗಳಲ್ಲೂ ಒಂದೇ ಇರಬೇಕು. ಫೈಬ್ರಿಲ್ ಬೇಕಾಗುವುದು ಒಟ್ಟು 41 ವೆಲ್‌ಗಳಿಗೆ, ನಾಲ್ಕು ಟ್ಯೂಬಿಗಿಂತ ತುಸು ಹೆಚ್ಚು. ಐದು ಟ್ಯೂಬನ್ನು ಒಟ್ಟಿಗೆ ಸೇರಿಸಿ, ಒಂದೇ ಮಿಶ್ರಣದಿಂದ ಹಂಚಿ. 24 ತಾಸು ಅಲುಗಾಡಿಸಬೇಡಿ, ಅಲುಗಾಟವೇ ಎಳೆಗಳನ್ನು ಮುರಿಯುತ್ತದೆ. ಕೊನೆಯಲ್ಲಿ 1 ಮಿಲಿಮೋಲಾರ್ ಥಿಯೋಫ್ಲಾವಿನ್-ಟಿ 2 ಮೈಕ್ರೊಲೀಟರ್ ಹಾಕಿ ಬೆರೆಸಿ, 440ರಲ್ಲಿ ಉದ್ದೀಪಿಸಿ 480 ನ್ಯಾನೊಮೀಟರ್‌ನಲ್ಲಿ ಓದಿ. ಬಣ್ಣದ ಸ್ಟಾಕನ್ನು 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಬೆಳಕಿನಿಂದ ಮರೆಯಾಗಿಡಿ. ತೂಕದ ಮೇಲೆ ನಂಬಿಕೆ ಬೇಡ: 412 ನ್ಯಾನೊಮೀಟರ್‌ನಲ್ಲಿ ಅಳೆಯಿರಿ, 20 ಮೈಕ್ರೊಮೋಲಾರ್ ಜಲದ್ರಾವಣ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಸುಮಾರು 0.72 ತೋರಿಸಬೇಕು.

ಪೆಪ್ಟೈಡ್ ಮಾತ್ರ ಇರುವ ವೆಲ್ ಯಾಕೆ? ಕೆಎಲ್‌ವಿಎಫ್‌ಎಫ್ ತಾನೇ ನಾರು ಕಟ್ಟುತ್ತದೆ. ಎರಡೇ ಫಿನೈಲ್‌ಅಲನಿನ್‌ಗಳ ಜೋಡಿ ಕೂಡ ನ್ಯಾನೊಕೊಳವೆಗಳಾಗುತ್ತದೆ. ಪೆಪ್ಟೈಡೇ ಬಣ್ಣ ಹೊಳೆಸಿದರೆ ನಿಜವಾದ ಇಳಿಕೆ ಮುಚ್ಚಿಹೋಗುತ್ತದೆ. ಇಜಿಸಿಜಿಯಂಥವು ಬೆಳಕನ್ನು ತಾವೇ ಹೀರುವುದರಿಂದ ಅವುಗಳ ಥಿಯೋಫ್ಲಾವಿನ್ ಅಂಕಿಯನ್ನೂ ಅನುಮಾನದಿಂದಲೇ ನೋಡಿ.

ಪ್ಲೇಟ್ ನಂಬಬಹುದೇ ಎಂದು ತಿಳಿಯಲು ಜೆಡ್-ಪ್ರೈಮ್ ಲೆಕ್ಕ ಹಾಕಿ: ಎರಡೂ ಕಂಟ್ರೋಲ್‌ಗಳ ವಿಚಲನೆ ಕೂಡಿಸಿ ಮೂರರಿಂದ ಗುಣಿಸಿ, ಸರಾಸರಿಗಳ ವ್ಯತ್ಯಾಸದಿಂದ ಭಾಗಿಸಿ, ಒಂದರಿಂದ ಕಳೆಯಿರಿ. ಉದಾಹರಣೆಗೆ ಫೈಬ್ರಿಲ್ ಸರಾಸರಿ 10,000, ವಿಚಲನೆ 800. ಬಫರ್ 500, ವಿಚಲನೆ 100. ಬರುವುದು 0.72. ವಿಚಲನೆ 2,000ಕ್ಕೆ ಏರಿದರೆ 0.34. ಅರ್ಧಕ್ಕಿಂತ ಕೆಳಗಿನ ಪ್ಲೇಟನ್ನು ಎಸೆಯಿರಿ, ಸರಾಸರಿ ಎಷ್ಟೇ ಚೆಂದ ಕಂಡರೂ.

ಪ್ರಶ್ನೆ: ತಯಾರಕರಿಂದ ಬಂದ ಪೆಪ್ಟೈಡ್ ಶೇಕಡಾ 98 ಶುದ್ಧ ಎಂದಿದೆ. ಆದರೂ ಬೇರೆ ಬ್ಯಾಚ್‌ನಲ್ಲಿ ಪರಿಣಾಮ ಬೇರೆ. ಏಕೆ?

ಉತ್ತರ: 98 ಎನ್ನುವುದು ಪೆಪ್ಟೈಡ್‌ಗಳ ನಡುವಿನ ಶುದ್ಧತೆ. ಪುಡಿಯಲ್ಲಿ ಪೆಪ್ಟೈಡ್ ಎಷ್ಟಿದೆ ಎಂಬುದು ಬೇರೆಯೇ ಲೆಕ್ಕ. ಶುದ್ಧೀಕರಣದಲ್ಲಿ ಬಳಸುವ ಟ್ರೈಫ್ಲೂರೊಅಸಿಟಿಕ್ ಆಮ್ಲ ಪ್ರತಿ ಧನಾವೇಶಕ್ಕೂ ಒಂದರಂತೆ ಅಂಟಿಕೊಂಡಿರುತ್ತದೆ. ಕೆಎಲ್‌ವಿಎಫ್‌ಎಫ್ ತೂಕ 653. ಅದಕ್ಕೆ ಆರಂಭದ ತುದಿಯಲ್ಲೊಂದು, ಲೈಸಿನ್‌ನಲ್ಲೊಂದು, ಎರಡು ಧನಾವೇಶ. ಎರಡು ಆಮ್ಲದ ಅಣುಗಳು 228 ಸೇರಿಸುತ್ತವೆ. ನೀವು ತೂಗಿದ 1 ಮಿಲಿಗ್ರಾಂನಲ್ಲಿ ಪೆಪ್ಟೈಡ್ 0.74 ಮಿಲಿಗ್ರಾಂ ಮಾತ್ರ, ತೇವಾಂಶ ಬೇರೆ. 10 ಮಿಲಿಮೋಲಾರ್ ಎಂದು ಬರೆದದ್ದು ನಿಜದಲ್ಲಿ 7.4. ಅರ್ಜಿನಿನ್ ಹೆಚ್ಚಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಜೊತೆಗೆ ಈ ಆಮ್ಲ ದುರ್ಬಲ ಬಫರ್‌ನ ಪಿಎಚ್ ಇಳಿಸುತ್ತದೆ, ಕೋಶಗಳಿಗೂ ಒಗ್ಗುವುದಿಲ್ಲ. ಅಸಿಟೇಟ್ ಅಥವಾ ಕ್ಲೋರೈಡ್ ಲವಣವಾಗಿ ಬದಲಿಸಿ ಕೊಡಿ ಎಂದು ಕೇಳಿ, ಸಾಂದ್ರತೆಯನ್ನು ಅಮೈನೊ ಆಮ್ಲ ವಿಶ್ಲೇಷಣೆಯಿಂದ ಖಚಿತಪಡಿಸಿ. ಕಲಸಿದ ಕಂಟ್ರೋಲ್‌ಗೂ ಅದೇ ಲವಣ ಇರಲಿ.

ಪ್ರಶ್ನೆ: ಥಿಯೋಫ್ಲಾವಿನ್ ಇಳಿದಿದೆ, ಕೊನೇ ಗಳಿಗೆಯ ಕಂಟ್ರೋಲೂ ಸರಿಯಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗ್ರಿಡ್ (ಮಾದರಿ ಹಾಕುವ ಪುಟ್ಟ ಜಾಲರಿ) ಖಾಲಿ ಕಾಣುತ್ತಿದೆ. ಕರಗಿತು ಎನ್ನಬಹುದಲ್ಲವೇ?

ಉತ್ತರ: ಖಾಲಿ ಗ್ರಿಡ್ ಅತಿ ಸುಲಭವಾಗಿ ಮೋಸ ಮಾಡುವ ಸಾಕ್ಷಿ. ಪೆಪ್ಟೈಡ್ ಮೆತ್ತಿಕೊಂಡಾಗ ಫೈಬ್ರಿಲ್‌ನ ಆವೇಶ ಬದಲಾಗಿ ಅದು ಗ್ರಿಡ್‌ಗೆ ಅಂಟದೇ ತೊಳೆದುಹೋಗಬಹುದು. ಅಥವಾ ಎಲ್ಲ ಎಳೆಗಳೂ ಒಂದು ದೊಡ್ಡ ಉಂಡೆಯಾಗಿ ಟ್ಯೂಬಿನ ತಳದಲ್ಲಿ ಕೂತು, ನೀವು ಮೇಲಿನ ನೀರನ್ನಷ್ಟೇ ಗ್ರಿಡ್‌ಗೆ ಹಾಕಿರಬಹುದು. ಆವೇಶ ಬೇರೆಯಿರುವ ಎರಡು ಬಗೆಯ ಗ್ರಿಡ್ ಬಳಸಿ, ಮಾದರಿಯ ಗುರುತು ತಿಳಿಯದವರಿಂದ ಕನಿಷ್ಠ ಹತ್ತು ಕಡೆ ಚಿತ್ರ ತೆಗೆಸಿ.

ಅದಕ್ಕಿಂತ ಗಟ್ಟಿ ಸಾಕ್ಷಿ ಸೆಂಟ್ರಿಫ್ಯೂಜ್. ಮಾದರಿಯನ್ನು 1,00,000 ಜಿ (ಗುರುತ್ವದ ಲಕ್ಷ ಪಟ್ಟು ಬಲ) ವೇಗದಲ್ಲಿ ಒಂದು ತಾಸು ತಿರುಗಿಸಿ, ಮೇಲಿನ ದ್ರವ ಮತ್ತು ತಳದ ಗಡ್ಡೆ ಎರಡರಲ್ಲೂ ಬೀಟಾ-ಅಮಿಲಾಯ್ಡ್ ಅಳೆಯಿರಿ. ಕೂಡಿದರೆ ಹಾಕಿದ್ದಕ್ಕೆ ಹತ್ತಿರ ಬರಬೇಕು, ಬರದಿದ್ದರೆ ಟ್ಯೂಬಿನ ಗೋಡೆಗೆ ಅಂಟಿದೆ. ಮೇಜಿನ ಮೇಲಿನ ಸಣ್ಣ ಯಂತ್ರದ 16,000 ಜಿ ಸಾಲದು. ಉದ್ದ ಎಳೆಗಳು ಅದರಲ್ಲಿ ಇಳಿಯುತ್ತವೆ, ತುಂಡಾದ ಗಿಡ್ಡ ಎಳೆಗಳು ಮೇಲೇ ಉಳಿದು ‘ಕರಗಿದ’ ಲೆಕ್ಕಕ್ಕೆ ಸೇರುತ್ತವೆ. ಎರಡೂ ವೇಗಗಳಲ್ಲಿ ಮಾಡಿ ಹೋಲಿಸಿದರೆ ಪೆಪ್ಟೈಡ್ ತುದಿಯಿಂದ ಬಿಚ್ಚುತ್ತಿದೆಯೋ ನಡುವೆ ಮುರಿಯುತ್ತಿದೆಯೋ ಎಂಬ ಸುಳಿವೂ ಸಿಗುತ್ತದೆ. ಥಿಯೋಫ್ಲಾವಿನ್ ಇಳಿದು ಗಡ್ಡೆ ಮಾತ್ರ ಹೆಚ್ಚಿದ್ದರೆ ನಿಮ್ಮ ಪೆಪ್ಟೈಡ್ ಫೈಬ್ರಿಲನ್ನು ಉಂಡೆ ಕಟ್ಟಿದೆ, ಒಡೆದಿಲ್ಲ.

ಪ್ರತಿಕಾಯ ಬಳಸಿ ಅಳೆಯುವಾಗ ಅದು ಹಿಡಿಯುವ ಜಾಗ ನೋಡಿಕೊಳ್ಳಿ. 4ಜಿ8 ಹಿಡಿಯುವುದು 17ರಿಂದ 24ನೇ ಸ್ಥಾನವನ್ನು. ಕೆಎಲ್‌ವಿಎಫ್‌ಎಫ್ ವಂಶದ ಪೆಪ್ಟೈಡ್ ಕೂರುವುದೂ ಅಲ್ಲೇ. ಜಾಗ ಮುಚ್ಚಿದ್ದನ್ನೇ ಪ್ರಮಾಣ ಇಳಿದಂತೆ ಓದಿಬಿಡುತ್ತೀರಿ. ಆರಂಭದ ತುದಿಯನ್ನು ಹಿಡಿಯುವ 6ಇ10 ಇಲ್ಲಿ ವಾಸಿ. ಪ್ರೋಟೀನ್‌ನ ಮಡಿಕೆ ತಿಳಿಸುವ ಸಿಡಿ ವರ್ಣಪಟಲದಲ್ಲಿ ಬೀಟಾ ಹಾಳೆಯ ಗುರುತಾದ 218 ನ್ಯಾನೊಮೀಟರ್‌ನ ತಗ್ಗು ಮಾಯವಾಗುವುದನ್ನು ನೋಡಬೇಕೆಂದಿದ್ದರೆ ಡಿಎಂಎಸ್‌ಒ ಇಲ್ಲದ ಮಾದರಿ ಬೇಕೇ ಬೇಕು, ಆ ಭಾಗದ ಬೆಳಕನ್ನೆಲ್ಲ ಅದೇ ನುಂಗುತ್ತದೆ.

ಪ್ರಶ್ನೆ: ಫೈಬ್ರಿಲ್ ನಿಜಕ್ಕೂ ಒಡೆದಿದೆ. ಆದರೆ ಆ ಮಿಶ್ರಣವನ್ನು ಲ್ಯಾಬಿನಲ್ಲಿ ನರಕೋಶದ ಮಾದರಿಯಾಗಿ ಬೆಳೆಸುವ ಎಸ್‌ಎಚ್-ಎಸ್‌ವೈ5ವೈ ಕೋಶಗಳಿಗೆ ಹಾಕಿದರೆ ಬರೀ ಫೈಬ್ರಿಲ್ ಹಾಕಿದ್ದಕ್ಕಿಂತ ಹೆಚ್ಚು ಕೋಶಗಳು ಸಾಯುತ್ತಿವೆ.

ಉತ್ತರ: ಇಡೀ ಕೆಲಸದ ಗಂಟು ಇರುವುದೇ ಇಲ್ಲಿ. ನರಕೋಶಗಳಿಗೆ ಹೆಚ್ಚು ಹಾನಿ ಮಾಡುವವು ಉದ್ದನೆಯ ಫೈಬ್ರಿಲ್‌ಗಳಲ್ಲ, ಕರಗಬಲ್ಲ ಪುಟ್ಟ ಗುಂಪುಗಳಾದ ಆಲಿಗೋಮರ್‌ಗಳು ಎಂಬುದಕ್ಕೆ ಬಲವಾದ ಆಧಾರಗಳಿವೆ. ಫೈಬ್ರಿಲ್ ಬಿಡಿ ಅಣುಗಳವರೆಗೆ ಬಿಚ್ಚಿಕೊಳ್ಳದೆ ಅರ್ಧ ದಾರಿಯಲ್ಲಿ ನಿಂತರೆ ನೀವು ಕಡಿಮೆ ಅಪಾಯದ್ದನ್ನು ಹೆಚ್ಚು ಅಪಾಯದ್ದಾಗಿ ಬದಲಿಸಿದಂತೆ. ಎಳೆ ಮುರಿದಲ್ಲೆಲ್ಲ ಎರಡು ಹೊಸ ತುದಿಗಳು ಹುಟ್ಟುತ್ತವೆ, ಆ ತುಂಡುಗಳೇ ಬೀಜಗಳಾಗುತ್ತವೆ. ಫೈಬ್ರಿಲ್‌ನ ಪಕ್ಕದ ಮೈಯೇ ಹೊಸ ಆಲಿಗೋಮರ್ ಹುಟ್ಟಿಸುತ್ತದೆಂಬುದೂ 2013ರಿಂದ ಚೆನ್ನಾಗಿ ತಿಳಿದಿರುವ ಸಂಗತಿ. ಆದ್ದರಿಂದ ‘ಎಷ್ಟು ಒಡೆಯಿತು’ ಎಂಬ ಅಂಕಿಗಿಂತ ‘ಒಡೆದು ಏನಾಯಿತು’ ಎಂಬುದೇ ಪೆಪ್ಟೈಡನ್ನು ಉಳಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುತ್ತದೆ.

ಎರಡು ಪರೀಕ್ಷೆ ಮಾಡಿ. ಮೊದಲನೆಯದು ಬೀಜದ ಪರೀಕ್ಷೆ: 24 ತಾಸಿನ ಮಿಶ್ರಣವನ್ನು ಹೊಸ ಬಿಡಿ ಅಣುಗಳ ದ್ರಾವಣಕ್ಕೆ ಶೇಕಡಾ 1ರಿಂದ 5ರಷ್ಟು ಸೇರಿಸಿ ಬೆಳವಣಿಗೆ ನೋಡಿ. ಒಡೆಯದ ಫೈಬ್ರಿಲ್ ಸೇರಿಸಿದ್ದಕ್ಕಿಂತ ಬೇಗ ಬೆಳೆದರೆ ನಿಮ್ಮ ಪೆಪ್ಟೈಡ್ ಬೀಜ ತಯಾರಿಸುತ್ತಿದೆ. ಎರಡನೆಯದು ಗಾತ್ರ: 1,00,000 ಜಿಯಲ್ಲಿ ತಿರುಗಿಸಿದಾಗ ಮೇಲುಳಿದ ದ್ರವವನ್ನು ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಕಾಲಮ್‌ನಲ್ಲಿ ಹಾಯಿಸಿ, ಎ11 ಮತ್ತು ಒಸಿ ಪ್ರತಿಕಾಯಗಳಿಂದ ಡಾಟ್ ಬ್ಲಾಟ್ (ಪೊರೆಯ ಮೇಲೆ ಹನಿ ಹಾಕಿ ಪ್ರತಿಕಾಯದಿಂದ ಗುರುತಿಸುವುದು) ಮಾಡಿ. ಎ11 ಆಲಿಗೋಮರ್‌ಗೆ, ಒಸಿ ಫೈಬ್ರಿಲ್ ಸ್ವಭಾವದವಕ್ಕೆ. ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಬಳಸುವ ಸಾಮಾನ್ಯ ಜೆಲ್‌ನಲ್ಲಿ ಕಾಣುವ ಮೂರು, ನಾಲ್ಕು ಅಣುಗಳ ಪಟ್ಟಿಯನ್ನು ನಂಬಬೇಡಿ, ಬೀಟಾ-ಅಮಿಲಾಯ್ಡ್ 42ರಲ್ಲಿ ಎಸ್‌ಡಿಎಸ್ ತಾನೇ ಅವನ್ನು ಹುಟ್ಟಿಸುತ್ತದೆ.

ಹಾಗೆಂದು ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯ ಅಂಕಿಯೊಂದರಿಂದಲೇ ನಿರಾಶರಾಗಬೇಡಿ. ಬೀಟಾ-ಅಮಿಲಾಯ್ಡ್ ಇದ್ದಾಗ ಕೋಶಗಳು ಒಳಗೆ ತಯಾರಾದ, ಆ ಬಣ್ಣ ಕೊಡುವ ಫಾರ್ಮಜಾನ್ ಹರಳುಗಳನ್ನು ಬೇಗ ಹೊರಹಾಕುತ್ತವೆ. ಕೋಶ ಬದುಕಿದ್ದರೂ ಅಂಕಿ ಇಳಿಯುತ್ತದೆ. ಹಾನಿಗೊಂಡ ಕೋಶಗಳಿಂದ ಹೊರಬರುವ ಎಲ್‌ಡಿಎಚ್ ಕಿಣ್ವದ ಸೋರಿಕೆಯನ್ನೂ ಜೊತೆಗೆ ಅಳೆದು, ಪೆಪ್ಟೈಡ್ ಮಾತ್ರ ಹಾಕಿದ ಕೋಶಗಳನ್ನೂ ಇಟ್ಟುಕೊಳ್ಳಿ. ಅರ್ಜಿನಿನ್ ಹೆಚ್ಚಿರುವವು ಕೆಲವೊಮ್ಮೆ ಕೋಶಪೊರೆಯನ್ನೇ ತೂತು ಮಾಡುತ್ತವೆ.

ಪ್ರಶ್ನೆ: ನನ್ನ ತಾಯಿಗೆ ಆಲ್ಝೈಮರ್. ಇಂಥ ಪೆಪ್ಟೈಡ್‌ಗಳು ಪುಡಿಯ ರೂಪದಲ್ಲಿ ಅಂತರ್ಜಾಲದಲ್ಲಿ ಮಾರಾಟಕ್ಕಿವೆ. ತರಿಸಿ ಕೊಡಬಹುದೇ? ಇಲ್ಲವಾದರೆ ಈಗ ಬಂದಿರುವ ಹೊಸ ಔಷಧಗಳು ಇದೇ ಕೆಲಸ ಮಾಡುತ್ತವೆಯೇ?

ಉತ್ತರ: ಕೊಡಬೇಡಿ. ಬಾಯಿಂದ ತೆಗೆದುಕೊಂಡ ಸಾಮಾನ್ಯ ಪೆಪ್ಟೈಡ್ ಜಠರ, ಕರುಳಿನಲ್ಲೇ ಅಮೈನೊ ಆಮ್ಲವಾಗಿ ಜೀರ್ಣವಾಗುತ್ತದೆ. ಚುಚ್ಚಿದರೆ ರಕ್ತದ ಕಿಣ್ವಗಳು ಎಷ್ಟೋ ಪುಟ್ಟ ಪೆಪ್ಟೈಡ್‌ಗಳನ್ನು ನಿಮಿಷಗಳಲ್ಲಿ ಕತ್ತರಿಸುತ್ತವೆ. ಉಳಿದದ್ದು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಬೇಕು. ಸಂಶೋಧನೆಗೆಂದು ಮಾರುವ ಪುಡಿಯಲ್ಲಿ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್, ಆಮ್ಲದ ಲವಣ ಎಷ್ಟಿದೆ ಎಂಬ ಖಾತ್ರಿಯಿಲ್ಲ, ದೇಹಕ್ಕೆ ಚುಚ್ಚಲು ಅದು ತಯಾರಾದದ್ದೇ ಅಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಆಲಿಗೋಮರ್ ಅಪಾಯ ಇದ್ದೇ ಇದೆ.

ಅಮೆರಿಕದಲ್ಲಿ 2023ರಲ್ಲಿ ಅನುಮತಿ ಪಡೆದ ಲೆಕನೆಮ್ಯಾಬ್ ಮತ್ತು 2024ರಲ್ಲಿ ಪಡೆದ ಡೊನನೆಮ್ಯಾಬ್ ಪೆಪ್ಟೈಡ್‌ಗಳಲ್ಲ, ಪ್ರತಿಕಾಯಗಳು. ಅವು ಅಮಿಲಾಯ್ಡ್‌ಗೆ ಅಂಟಿ, ಮಿದುಳಿನ ರೋಗನಿರೋಧಕ ಕೋಶಗಳು ಅದನ್ನು ತೆರವು ಮಾಡಲು ನೆರವಾಗುತ್ತವೆ. ಎರಡೂ ರೋಗದ ಆರಂಭದ ಹಂತದವರಿಗೆ ಮಾತ್ರ. ಕುಸಿತವನ್ನು ನಿಧಾನಿಸುತ್ತವೆ, ಹೋದ ನೆನಪನ್ನು ತರುವುದಿಲ್ಲ. ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವದ ಸಾಧ್ಯತೆ ಇರುವುದರಿಂದ ಮೇಲಿಂದ ಮೇಲೆ ಎಂಆರ್‌ಐ ಬೇಕು. ಎಪಿಒಇ4 ಜೀನಿನ ಎರಡು ಪ್ರತಿ ಇರುವವರಲ್ಲಿ ಈ ಅಪಾಯ ಹೆಚ್ಚು. ತಾಯಿಯವರಿಗೆ ಹೊಂದುತ್ತದೆಯೇ ಎಂದು ನರರೋಗ ತಜ್ಞರನ್ನೇ ಕೇಳಿ. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ.

ಪ್ರಶ್ನೆ: ತಯಾರಾದ ಫೈಬ್ರಿಲನ್ನು ಫ್ರೀಜರ್‌ನಲ್ಲಿಟ್ಟು ತಿಂಗಳುಗಟ್ಟಲೆ ಬಳಸಬಹುದೇ?

ಉತ್ತರ: ಬೇಡ. ಹೆಪ್ಪುಗಟ್ಟಿ ಕರಗುವಾಗ ಎಳೆಗಳು ಮುರಿಯುತ್ತವೆ, ಹಿಂಡಾಗುತ್ತವೆ, ನಿಮ್ಮ ಆರಂಭದ ಗೆರೆಯೇ ಸರಿದುಹೋಗುತ್ತದೆ. ಸಾಧ್ಯವಾದಷ್ಟೂ ಬೆಳೆದ ದಿನವೇ ಬಳಸಿ. ಇಡಲೇಬೇಕಿದ್ದರೆ 4 ಡಿಗ್ರಿಯಲ್ಲಿ ಕೆಲವು ದಿನ, ಬಳಸುವ ಮುನ್ನ ಮತ್ತೆ ಸೂಕ್ಷ್ಮದರ್ಶಕದ ಪರಿಶೀಲನೆ. ಸೂಕ್ಷ್ಮಜೀವಿ ಬೆಳೆಯದಂತೆ ಶೇಕಡಾ 0.02 ಸೋಡಿಯಂ ಅಜೈಡ್ ಹಾಕಿ ತಟಸ್ಥ ಬಫರ್‌ನಲ್ಲಿಟ್ಟದ್ದನ್ನು ಕೋಶಗಳಿಗೆ ಹಾಕುವಂತಿಲ್ಲ. ಆಮ್ಲದಲ್ಲಿರುವ ಫೈಬ್ರಿಲ್‌ಗೆ ಅಜೈಡ್ ಸೇರಿಸಲೇಬೇಡಿ, ವಿಷಾನಿಲ ಹೊರಡುತ್ತದೆ. ದೀರ್ಘಕಾಲ ಇಡಬಹುದಾದದ್ದು ಒಣ ಪೊರೆಗಳನ್ನು ಮಾತ್ರ.

ಬಳಸಿದ ಪ್ಲೇಟ್‌ಗಳನ್ನು ಸಂಸ್ಥೆಯ ಜೈವಿಕ ಸುರಕ್ಷತಾ ನಿಯಮದಂತೆ ವಿಲೇವಾರಿ ಮಾಡಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಳೆಗಳು ಎದ್ದು ಕಾಣಲು ಬಳಸುವ ಯುರೇನಿಲ್ ಅಸಿಟೇಟ್ ತಾಗಿದ ಕಾಗದ, ಟಿಪ್‌ಗಳು ಮಾತ್ರ ಬೇರೆ ಡಬ್ಬಿಗೆ ಹೋಗಬೇಕು, ಅದು ವಿಷವೂ ಹೌದು, ವಿಕಿರಣಶೀಲವೂ ಹೌದು.